ಚೀಟಿಯಿಲ್ಲದ ಮ್ಯೂಸಿಯಂ

ಮುಬಾರಕ್ ಚಾಚಾರ ಮ್ಯೂಸಿಯಂನಲ್ಲಿ ಹುಡುಕಿದರೂ ಒಂದು ಅಕ್ಷರ ಸಿಗುತ್ತಿರಲಿಲ್ಲ. ಬಾಗಿಲ ಮೇಲೆ ಬೋರ್ಡಿಲ್ಲ, ವಸ್ತುಗಳ ಕೆಳಗೆ ಚೀಟಿಯಿಲ್ಲ. "ಇದೇನು ಚಾಚಾ?" ಎಂದು ಯಾವುದಾದರೂ ಮಡಕೆಗೆ ಬೆರಳು ತೋರಿಸಿದರೆ ಎರಡೂ ಅಂಗೈಗಳನ್ನು ಮೇಲೆತ್ತಿ, "ನನ್ನನ್ನು ಕೇಳಬೇಡ ಸದೀಕ್. ಇದರ ಯಜಮಾನ ಚಳಿಗಾಲದಲ್ಲಿ ಬರ್ತಾನೆ. ಆಗ ಬಾ, ಅವನೇ ಹೇಳ್ತಾನೆ" ಎನ್ನುತ್ತಿದ್ದರು. ಸದೀಕ್ ಎಂದರೆ ಅರಬಿಯಲ್ಲಿ ಗೆಳೆಯ. ಗೊತ್ತಿಲ್ಲದೆ ಅಲ್ಲ, ಎಲ್ಲವೂ ಗೊತ್ತಿತ್ತು. ಆದರೆ ಇನ್ನೊಬ್ಬರ ಮನೆಯ ಮಾತನ್ನು ತಾನು ಆಡುವುದು ಅವರ ಪ್ರಕಾರ ಕಳ್ಳತನ.

ಅದು ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ದೋಹಾದಿಂದ ಉತ್ತರಕ್ಕಿರುವ ಅಲ್ ಖೋರ್‌ನಲ್ಲಿ ಒಂದು ಕಂಪನಿಯ ಸ್ಟೋರ್ ಕ್ಲರ್ಕ್. ನಟ್ಟು, ಬೋಲ್ಟು, ಪೈಪು, ವಾಷರ್ ಎಲ್ಲಕ್ಕೂ ಚೀಟಿ ಅಂಟಿಸುವುದೇ ನನ್ನ ಕಸುಬು. ನಮ್ಮ ಸ್ಟೋರಿನಲ್ಲಿ ಚೀಟಿ ಇಲ್ಲದ ವಸ್ತು ಎಂದರೆ ಇಲ್ಲದ ವಸ್ತು. ಅಂಥ ನನ್ನನ್ನು ಆ ಮ್ಯೂಸಿಯಂಗೆ ಕರೆದುಕೊಂಡು ಹೋದವರು ಕಂಪನಿ ಬಸ್ಸಿನ ಡ್ರೈವರ್, ಉಳ್ಳಾಲದ ಹಮೀದಾಕ. ಇಪ್ಪತ್ತು ವರ್ಷ ಅಲ್ಲೇ ಕಳೆದು ಅರಬಿಯನ್ನು ನೀರು ಕುಡಿದಂತೆ ಮಾತಾಡುತ್ತಿದ್ದರು. "ಶುಕ್ರವಾರ ರೂಮಲ್ಲಿ ಬಿದ್ಕೊಂಡು ಎಂತ ಮಾಡ್ತೀರಿ ಸುವರ್ಣರೇ? ಬನ್ನಿ, ಒಂದು ಜನ ತೋರಿಸ್ತೇನೆ" ಎಂದು ಪಿಕಪ್ ಹತ್ತಿಸಿದರು.

ಅಲ್ ಖೋರ್‌ನಿಂದ ಉತ್ತರಕ್ಕೆ, ಸಮುದ್ರದ ಅಂಚಿನಲ್ಲಿ ಪಾಳುಬಿದ್ದ ಒಂದು ಊರು. ಹವಳದ ಕಲ್ಲಿನ ಗೋಡೆಗಳು ಅರ್ಧರ್ಧ ನಿಂತಿದ್ದವು. ಮುತ್ತು ತೆಗೆಯುವ ಹಡಗುಗಳಲ್ಲಿ ಮುಳುಗಲು, ಯಜಮಾನರ ಮನೆಗಳಲ್ಲಿ ದುಡಿಯಲು ಆಫ್ರಿಕಾದಿಂದ ಹಿಡಿದು ತಂದ ಜನ, ಬಿಡುಗಡೆಯಾದ ಮೇಲೆ ಕಟ್ಟಿಕೊಂಡ ಊರದು. ಎಣ್ಣೆಯ ಕಾಲ ಬಂದಾಗ ಮೊಮ್ಮಕ್ಕಳಿಗೆ ದೋಹಾದಲ್ಲಿ ಕೆಲಸವೂ ಮನೆಯೂ ಸಿಕ್ಕಿ ಊರು ಖಾಲಿಯಾಯಿತು. ಉಳಿದವರು ಮುಬಾರಕ್ ಚಾಚಾ ಒಬ್ಬರೇ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹಳೆಯ ಮದರಸಾದ ಕೋಣೆಯೊಂದಕ್ಕೆ ಸುಣ್ಣ ಬಳಿದು, ಊರವರು ಬಿಟ್ಟುಹೋದದ್ದನ್ನೆಲ್ಲ ಅದರೊಳಗೆ ಜೋಡಿಸಿಟ್ಟು ಕಾಯುತ್ತಿದ್ದರು. ಕಪ್ಪು ಬಣ್ಣದ, ಆರಡಿಗೂ ಮಿಕ್ಕಿದ ಆಳು. ಆ ಕೋಣೆಯ ಬಾಗಿಲಿಗೆ ತಲೆ ತಗ್ಗಿಸದೆ ಒಳಗೆ ಹೋಗಲು ಅವರಿಂದ ಆಗುತ್ತಿರಲಿಲ್ಲ. ಯೌವನದಲ್ಲಿ ಬೊಂಬಾಯಿಗೆ ಹಡಗಿನಲ್ಲಿ ಹೋಗಿಬಂದವರಾದ್ದರಿಂದ ಹಿಂದಿ ಬರುತ್ತಿತ್ತು. ನಮ್ಮಿಬ್ಬರ ಮಾತು ಅದರಲ್ಲೇ, ನಡುನಡುವೆ ಅರಬಿ ಸೇರಿಸಿಕೊಂಡು ಸಾಗುತ್ತಿತ್ತು.

ಅವರ ವರ್ಷಕ್ಕೆ ಅದರದೇ ಆದ ಕ್ರಮವಿತ್ತು. ಬೇಸಿಗೆಯಲ್ಲಿ ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯದಂತೆ, ಮರ ಸೀಳದಂತೆ ಪ್ರತಿಯೊಂದನ್ನೂ ಎಳ್ಳೆಣ್ಣೆ ಹಚ್ಚಿ ಒರೆಸುವುದು. ಧೂಳಿನ ಗಾಳಿ ಎದ್ದರೆ ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕುವುದು. ಸೆಕೆ ಇಳಿಯುತ್ತಿದ್ದಂತೆ ಪಿಕಪ್ ಹತ್ತಿ ದೋಹಾದಲ್ಲಿ ಮನೆಮನೆ ತಿರುಗುವುದು. ಆಮಂತ್ರಣ ಕೊಡುವ ಬದಲು ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ಸಲ ಏನು ಹೇಳ್ತೀಯಾ?" ಆಮೇಲೆ ಚಳಿಗಾಲದ ಒಂದು ಶುಕ್ರವಾರ, ನಮಾಜಿನ ನಂತರ, ಊರು ಬಿಟ್ಟವರೆಲ್ಲ ಊರಿಗೆ ಬರುತ್ತಿದ್ದರು. ದೊಡ್ಡ ಪಾತ್ರೆಗಳಲ್ಲಿ ಮಚ್ಬೂಸ್ ಅನ್ನ ಬೇಯುತ್ತಿರುವಾಗ ಕೋಣೆಯೊಳಗೆ ವಸ್ತುಗಳ ಸರದಿ. ಯಾರ ಮನೆಯ ವಸ್ತುವೋ ಅವರೇ ಎದ್ದು ಕೈಯಲ್ಲಿ ಹಿಡಿದು ಅದರ ಕಥೆ ಹೇಳಬೇಕು. ಬೇರೆ ಯಾರೂ ಬಾಯಿ ಹಾಕುವಂತಿಲ್ಲ, ತಪ್ಪು ಹೇಳಿದರೂ ಸರಿಯೇ.

ಜಾಸಿಂ ಎಂಬವರು ಮುಳುಗುಗಾರನೊಬ್ಬನ ಮಗ. ಅಪ್ಪ ಮೂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆಮೆಚಿಪ್ಪಿನ ಚಿಮಟವನ್ನು ತನ್ನ ಮೂಗಿಗೂ ಸಿಕ್ಕಿಸಿಕೊಂಡು ಅರ್ಧ ಗಂಟೆ ಹೇಳುತ್ತಿದ್ದರು. ಆ ಮೂಗಿನ ಸ್ವರಕ್ಕೆ ಮಕ್ಕಳೆಲ್ಲ ಬಿದ್ದುಬಿದ್ದು ನಗುತ್ತಿದ್ದವು, ಕೊನೆಗೆ ಅಪ್ಪ ಮೇಲೆ ಬಾರದ ದಿನದ ಮಾತಿಗೆ ಬಂದಾಗ ಸುಮ್ಮನಾಗುತ್ತಿದ್ದವು. ಬಾಗಿಲ ಬಳಿ ಉಮ್ಮು ರಾಶಿದ್ ಎಂಬ, ಅಂದರೆ ರಾಶಿದನ ತಾಯಿ ಎಂದು ಎಲ್ಲರೂ ಕರೆಯುವ ಮುದುಕಿ ಕೂತಿರುತ್ತಿದ್ದರು. ಅವರ ಮನೆಯದು ಏನೂ ಆ ಕೋಣೆಯಲ್ಲಿರಲಿಲ್ಲ, ಹಾಗಾಗಿ ಅವರಿಗೆ ಸರದಿಯೂ ಇರಲಿಲ್ಲ.

ಕೊನೆಯಲ್ಲಿ ಒಂದು ಮರದ ಬಾಚಣಿಗೆ. ಏಳು ಹಲ್ಲುಗಳದ್ದು, ಎರಡು ಮುರಿದಿದ್ದವು. ಅದರ ಮುಂದೆ ಬಂದಾಗ ಚಾಚಾ ಕೈ ತಟ್ಟಿ, "ಇದು ಮುಂದಿನ ವರ್ಷ. ಯಲ್ಲಾ, ಊಟ!" ಎನ್ನುತ್ತಿದ್ದರು. ನಾನು ಎರಡು ಸಲ ಹೋದಾಗಲೂ ಅದೇ ಆಯಿತು.

ಮೂರನೆಯ ವರ್ಷ ನನ್ನ ಕ್ಲರ್ಕ್ ಬುದ್ಧಿ ತಲೆಯೆತ್ತಿತು. ಇಷ್ಟೊಳ್ಳೆಯ ಕಥೆಗಳು, ನಾಳೆ ಇವರೆಲ್ಲ ಸತ್ತರೆ? ಜನರನ್ನು ಕರೆಯಲು ಚಾಚಾ ದೋಹಾಕ್ಕೆ ಹೋದ ವಾರ ಬೀಗದ ಕೈ ಹಮೀದಾಕರ ಬಳಿ ಇತ್ತು. ಕೇಳಿದ್ದ ಕಥೆಗಳನ್ನು ನಾನು ಆಫೀಸಿನ ಟೈಪ್‌ರೈಟರಿನಲ್ಲಿ ಇಂಗ್ಲಿಷಿನಲ್ಲಿ ಕುಟ್ಟಿದೆ, ಹಮೀದಾಕ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಅರಬಿ ಬರೆದರು. ಪ್ರತಿ ವಸ್ತುವಿಗೂ ಒಂದು ಚೀಟಿ, ಒಂದು ನಂಬರು. ಬಾಚಣಿಗೆಯ ಹತ್ತಿರ ಬಂದಾಗ ಹಮೀದಾಕ, "ಇದಕ್ಕೆ ಎಂತ ಬರೆಯೋದು ಮಾರಾಯ್ರೆ?" ಎಂದರು. ಸ್ಟೋರಿನ ಭಾಷೆಯಲ್ಲೇ ಹೇಳಿದೆ: "ಬರೀರಿ, ಯಾರದೆಂದು ಗೊತ್ತಿಲ್ಲ."

ಆ ಶುಕ್ರವಾರ ಚಾಚಾ ಬೆನ್ನು ತಟ್ಟುತ್ತಾರೆ ಎಂದು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೋಗಿದ್ದೆ. ಜನ ಬಂದರು. ಮಕ್ಕಳು ಒಳನುಗ್ಗಿ ಐದು ನಿಮಿಷದಲ್ಲಿ ಎಲ್ಲ ಚೀಟಿ ಓದಿ ಮುಗಿಸಿ ಚೆಂಡು ಹಿಡಿದು ಹೊರಗೋಡಿದವು. ಜಾಸಿಂ ಚಿಮಟ ಕೈಗೆತ್ತಿಕೊಂಡರು, ಚೀಟಿ ನೋಡಿದರು, ತುಟಿ ಅಲ್ಲಾಡಿಸಿ ಓದಿದರು. "ಎಲ್ಲ ಬರೆದಿದೆಯಲ್ಲ" ಎಂದು ಇಟ್ಟುಬಿಟ್ಟರು. ಅವರ ನಂತರದವರೂ ಹಾಗೆಯೇ. ಪ್ರತಿ ವರ್ಷ ಸಂಜೆಯವರೆಗೆ ಎಳೆಯುತ್ತಿದ್ದದ್ದು ಅನ್ನ ಬೇಯುವ ಮೊದಲೇ ಖಲಾಸ್. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಚಾಚಾ ಬಯ್ಯಲಿಲ್ಲ. ಹಮೀದಾಕರ ಅಕ್ಷರ ಚೆನ್ನಾಗಿದೆ ಎಂದರು. ಬಾಚಣಿಗೆಯ ಚೀಟಿಯನ್ನು ಮಾತ್ರ ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡರು.

ಮರುದಿನ ರಜೆ ಹಾಕಿ ಹೋಗಿ ಒಂದೊಂದೇ ಚೀಟಿ ಬಿಸಿನೀರಲ್ಲಿ ನೆನೆಸಿ ಕೆರೆದು ತೆಗೆದೆ. ಚಾಚಾ ಪಕ್ಕದಲ್ಲಿ ಕೂತು ಸುಲೈಮಾನಿ ಚಹಾ ಕುಡಿಯುತ್ತಿದ್ದರು. ಕಡೆಗೆ ತಡೆಯಲಾರದೆ, "ಬಾಚಣಿಗೆ ಚೀಟಿಯಲ್ಲಿ ತಪ್ಪು ಬರೆದೆ, ಮಾಫ್ ಮಾಡಿ ಚಾಚಾ" ಎಂದೆ.

"ತಪ್ಪು ಮಾಫಿ, ತಪ್ಪೇ ಇಲ್ಲ ಸದೀಕ್. ನೀನು ಬರೆದದ್ದು ಸರಿ. ಅದಕ್ಕೇ ನೋವಾಯಿತು" ಎಂದರು. "ಅದು ನನ್ನ ಅಜ್ಜಿಯದು. ಅವಳನ್ನು ಹಿಡಿದು ತಂದಾಗ ಅವಳ ಕೈಯಲ್ಲಿದ್ದದ್ದು ಅದೊಂದೇ. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಲು ಬಂದರೆ ನಾನು ಓಡಿಹೋಗ್ತಿದ್ದೆ. ಉಳಿದ ಹುಡುಗರು ನಗ್ತಾರೆ ಅಂತ ನಾಚಿಕೆ. ಕೇಳುವ ವಯಸ್ಸಿನಲ್ಲಿ ಓಡಿದೆ. ಈಗ ಎಲ್ಲರಿಗೂ ಹೇಳು ಹೇಳು ಅಂತೀನಿ, ನನ್ನ ಹತ್ತಿರ ಹೇಳೋಕೆ ಏನೂ ಇಲ್ಲ. ನಾನು ಸತ್ತರೆ ಅದು ಒಂದು ಮರದ ತುಂಡು."

"ಇಲ್ಲ ಅನ್ನುವುದನ್ನೇ ಹೇಳಿ ಚಾಚಾ" ಎಂದುಬಿಟ್ಟೆ. ಅವರು ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿಕೊಂಡರು. ಎಂದಿನಂತೆ ಬೇಸಿಗೆ ಬಂತು, ಎಳ್ಳೆಣ್ಣೆ ಬಂತು. ಆ ವರ್ಷ ಪ್ರತಿ ಶುಕ್ರವಾರವೂ ಹೋಗಿ ಜೊತೆಗೆ ಕೂತು ಒರೆಸಿದೆ. ಅವರ ಉಸಿರು ಆಗಲೇ ಸೋಲತೊಡಗಿತ್ತು.

ಚಳಿಗಾಲದ ಶುಕ್ರವಾರ ಬಂತು. ಚೀಟಿಯಿಲ್ಲದ್ದು ನೋಡಿ ಜಾಸಿಂ ಚಿಮಟ ಸಿಕ್ಕಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು, ಹೋದ ವರ್ಷದ್ದೂ ಸೇರಿ. ಬಾಚಣಿಗೆಯ ಸರದಿ ಬಂದಾಗ ಎಲ್ಲರೂ ಊಟಕ್ಕೆಂದು ಏಳತೊಡಗಿದರು. ಚಾಚಾ ಅದನ್ನು ಕೈಗೆತ್ತಿಕೊಂಡರು. ಎದ್ದವರು ಹಾಗೆಯೇ ಕೂತರು. ಅವರು ಅರಬಿಯಲ್ಲಿ ಮಾತಾಡಿದರು, ಹಮೀದಾಕ ನನ್ನ ಕಿವಿಯಲ್ಲಿ ಕನ್ನಡ ಹೇಳುತ್ತ ಹೋದರು: "ಇದು ನನ್ನಜ್ಜಿಯದು ಅಂತಾರೆ. ಇದರ ಕಥೆ ನಂಗೆ ಗೊತ್ತಿಲ್ಲ ಅಂತಾರೆ. ಅವಳು ಹೇಳಿದಳು, ನಾನು ಕೇಳಲಿಲ್ಲ. ಇಷ್ಟೇ ನನ್ನ ಕಥೆ ಅಂತಾರೆ."

ಆಗ ಬಾಗಿಲ ಬಳಿಯಿಂದ ಉಮ್ಮು ರಾಶಿದ್, "ಇಲ್ಲಿ ಕೊಡು" ಎಂದರು. ಬಾಚಣಿಗೆ ಕೈಗೆ ಬಂದದ್ದೇ ಹೆಬ್ಬೆರಳಿನಿಂದ ಅದರ ಹಲ್ಲುಗಳನ್ನು ಮುಟ್ಟುತ್ತ ಹೇಳಿದರು: ಚಿಕ್ಕಂದಿನಲ್ಲಿ ಊರ ಹುಡುಗಿಯರ ತಲೆಯನ್ನೆಲ್ಲ ಆ ಅಜ್ಜಿಯೇ ಬಾಚುತ್ತಿದ್ದಳಂತೆ. ಬಾಚುವ ಮೊದಲು ಒಂದೊಂದು ಹಲ್ಲು ಮುಟ್ಟಿ ಒಂದೊಂದು ಮಾತು ಹೇಳುತ್ತಿದ್ದಳಂತೆ. "ಎಣಿಸ್ತಾಳೆ ಅಂತ ತಿಳಿದಿದ್ದೆವು. ಒಂದು ದಿನ ಕೇಳಿದೆ. ಅಲ್ಲ ಮಗಳೇ, ನನ್ನ ಜೊತೆ ಹುಟ್ಟಿದವರು ಅಂದಳು. ಏಳು ಜನ. ನನಗೆ ಮೂರು ನೆನಪಿದೆ. ಜುಮಾ. ಮೋಶಿ. ಚೌಸಿಕು."

ಚಾಚಾ ಬಾಗಿಲ ಬಳಿಗೆ ಬಂದರು. ಆಮೇಲೆ ಕೇಳಿದರು, "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನು ಮುಂದಿನ ವರ್ಷ ಅಂತಿದ್ದೆಯಲ್ಲ. ನಿನ್ನ ಸರದಿ. ನಾನು ಹೇಗೆ ಬಾಯಿ ಹಾಕಲಿ?"

ಅಷ್ಟು ಎತ್ತರದ ಮನುಷ್ಯ ಆ ಮುದುಕಿಯ ಮುಂದೆ ನೆಲದ ಮೇಲೆ ಕೂತು, ಪಾಠ ಒಪ್ಪಿಸುವ ಹಾಗೆ ಆ ಮೂರು ಹೆಸರುಗಳನ್ನು ಮತ್ತೆ ಮತ್ತೆ ಹೇಳಿದರು. ಅಳುತ್ತಿದ್ದರು. ನಾನೂ ಅತ್ತೆ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅದಾಗಿ ಎರಡು ತಿಂಗಳಿಗೆ, ವೀಸಾ ಮುಗಿಸಿ ಊರಿಗೆ ಹೊರಟ ದಿನ. ಪಿಕಪ್ಪಿನ ಕಿಟಕಿಯೊಳಗೆ ಕೈ ಹಾಕಿ ನನ್ನ ತಲೆ ಸವರಿ, "ಚಳಿಗಾಲದಲ್ಲಿ ಬಾ" ಎಂದರು.

ಹೋಗಲಾಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಉಡುಪಿಗೆ ಹಮೀದಾಕರ ಫೋನು ಬಂತು.

"ಚಾಚಾ ಹೋದ್ರು ಸುವರ್ಣರೇ, ಸೆಕೆಯ ಟೈಮಲ್ಲಿ. ನಿಮಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ. ನಿನ್ನೆ ಶುಕ್ರವಾರ ಎಲ್ಲ ಬಂದಿದ್ರು."

"ಬಾಚಣಿಗೆ?" ಎಂದೆ.

"ಅದೇ ಹೇಳ್ತಿದ್ದೇನೆ ಮಾರಾಯ್ರೆ. ಅದರ ಸರದಿ ಬಂದಾಗ ಯಾರೂ ಏಳಲಿಲ್ಲ. ಮತ್ತೆ ಉಮ್ಮು ರಾಶಿದ್ ಎದ್ರು. ಒಂದೊಂದೇ ಹಲ್ಲು ಮುಟ್ಟಿದ್ರು. ಜುಮಾ, ಮೋಶಿ, ಚೌಸಿಕು. ಅಷ್ಟೇ ಅಲ್ವಾ ಅವರಿಗೆ ಗೊತ್ತಿರೋದು, ಕೆಳಗಿಡ್ತಾರೆ ಅಂದ್ಕೊಂಡೆ. ಇಲ್ಲ. ನಾಲ್ಕನೇ ಹಲ್ಲು ಮುಟ್ಟಿ ನಿಂತ್ರು."

"ಆಮೇಲೆ?" ಎಂದೆ.

"ಮುಬಾರಕ್ ಅಂದ್ರು."