ಹಿಡಿಯುವವನು ಬೇಕೇ ಬೇಕು

ನಮ್ಮ ಕಬಡ್ಡಿ ತಂಡ ಈ ಸಲ ಮೂವರು ಹೊಸ ಹುಡುಗರನ್ನು ಆರಿಸಿಕೊಂಡಿತು. ಮೂವರೂ ನುಗ್ಗಿ ಹೋಗುವ ರೇಡರ್‌ಗಳು. ಎದುರಾಳಿಯ ಕಾಲು ಹಿಡಿದು ಕೆಡವುವವನು ಒಬ್ಬನೂ ಇಲ್ಲ. ಹೋದ ವರ್ಷ ನಾವು ಸೋತದ್ದೇ ಹಿಡಿಯುವವರಿಲ್ಲದೆ. ಬಸವಕಲ್ಯಾಣದಲ್ಲಿ ಬಸ್ ಹತ್ತಿದಾಗಿನಿಂದ ಪಕ್ಕದ ಸೀಟಿನ ಅಪರಿಚಿತರೊಬ್ಬರಿಗೆ ಇದನ್ನೇ ಹೇಳುತ್ತಿದ್ದೆ.

"ಪಾಯಿಂಟ್ ತರೋರು ರೇಡರೇ ಅಲ್ಲೇನ್ರಿ? ಹಿಡಿಯೋದು ಏನ್ ದೊಡ್ಡ ಕೆಲಸ?" ಅಂದರು ಅವರು.

ಹುಮನಾಬಾದಿನಲ್ಲಿ ಇಳಿಯಲು ನಗುತ್ತಾ ಎದ್ದರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಕೂತಲ್ಲಿಂದಲೇ ಬಗ್ಗಿ ಎರಡೂ ಕೈಯಿಂದ ಅವರ ಕಾಲು ಹಿಡಿದೆ. "ಈಗ ಹೋಗ್ರಿ, ನೋಡೂಣು."

ಹಿಂದಿನ ಸೀಟಿನ ಅಜ್ಜಿ ಗಾಬರಿಯಾದರು. "ಏನ್ ತಪ್ಪ ಮಾಡ್ಯಾನೋ ಏನೋ, ಪಾಪ. ಮಾಫ್ ಮಾಡಿಬಿಡ್ರಿ."

"ತಪ್ಪ ನಂದಲ್ಲ ಆಯಿ, ಹುಡುಗರನ್ನ ಆರಿಸಿದವರದು," ಅಂದೆ, ಕೈ ಬಿಡದೆ.

ಅಷ್ಟರಲ್ಲಿ ಅವರು ಕಾಲು ಕಿತ್ತುಕೊಂಡು ಬಾಗಿಲು ದಾಟಿದರು. ಒಂದು ಚಪ್ಪಲಿ ನನ್ನ ಕೈಯಲ್ಲಿ ಉಳಿಯಿತು. ಕೆಳಗೆ ನಿಂತು, "ಪಾಯಿಂಟ್ ನಂದ ಆತ್ರಿ. ಚಪ್ಲಿ ಕೊಡ್ರಿ," ಅಂದರು.

ಕಿಟಕಿಯಿಂದ ಕೊಟ್ಟೆ. ಮಾತು ಮಾತ್ರ ಬಿಟ್ಟುಕೊಟ್ಟಿಲ್ಲ. ಚಪ್ಪಲಿ ಹಾಕಿಕೊಂಡು ಕಬಡ್ಡಿ ಯಾರೂ ಆಡುವುದಿಲ್ಲ. ಬರಿಗಾಲಲ್ಲಿ ಇದ್ದಿದ್ದರೆ ಅವರು ಇವತ್ತಿಗೂ ಆ ಬಸ್ಸಿನಲ್ಲೇ ಇರುತ್ತಿದ್ದರು.