ತಟ್ಟುವ ಮೊದಲು ಓದಿ

ಮೊನ್ನೆ ಯಲಹಂಕದ ಸಂತೆಯಲ್ಲಿ ಈರುಳ್ಳಿಯವನು ಮುಳ್ಳಿನ ತಕ್ಕಡಿಯ ಗಾಜನ್ನು ಬೆರಳಿನಿಂದ ಟಕ್ಕನೆ ತಟ್ಟಿ, "ಎರಡು ಕೆಜಿ ಅಕ್ಕಾ" ಎಂದ. ನನಗೆ ಮೈಯೆಲ್ಲ ಉರಿಯಿತು. "ತಟ್ಟೋಕ್ ಮುಂಚೆ ಎಷ್ಟಿತ್ತು, ಅದು ಹೇಳು!" ಪಾಪ, ಅವನು ಹೆದರಿ ಒಂದು ಗಡ್ಡೆ ಜಾಸ್ತಿ ಹಾಕಿದ. ಈ ರೋಗ ನನಗೆ ಅಂಟಿದ್ದು ಎಲ್ಲಿ ಅಂತೀರಾ?

ಜಾಲಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್‌ಗಳನ್ನು ಪರೀಕ್ಷಿಸುವುದು ಆಗ ನನ್ನ ಕೆಲಸ. ನಿಜ ಹೇಳಬೇಕೆಂದರೆ ಆ ಯಂತ್ರಕ್ಕೆ ಎತ್ತರ ಗೊತ್ತೇ ಇಲ್ಲ ಕಣ್ರೀ, ಗೊತ್ತಿರುವುದು ಗಾಳಿಯ ಒತ್ತಡ ಮಾತ್ರ. ಒಳಗೊಂದು ಗಾಳಿ ತೆಗೆದು ಮುಚ್ಚಿದ ತೆಳು ತಗಡಿನ ಡಬ್ಬಿ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಅದು ಪೂರಿಯಂತೆ ಉಬ್ಬುತ್ತದೆ. ಕೂದಲೆಳೆಯಷ್ಟು ಉಬ್ಬನ್ನು ಹಲ್ಲಿನ ಗಾಲಿಗಳು ಮುಳ್ಳಿಗೆ ಮುಟ್ಟಿಸುತ್ತವೆ. ಪರೀಕ್ಷೆಯ ಪೆಟ್ಟಿಗೆಯಿಂದ ಗಾಳಿ ಎಳೆದು, ಕುರ್ಚಿ ಬಿಟ್ಟೇಳದೆ ಹತ್ತು ಸಾವಿರ ಅಡಿ ಹತ್ತಿ, ಮಧ್ಯಾಹ್ನ ಚಿತ್ರಾನ್ನಕ್ಕೆ ಇಳಿಯುತ್ತಿದ್ದವಳು ನಾನು.

ಮುಳ್ಳನ್ನು ಮೊದಲು ಹಾಗೇ ಓದಬೇಕು, ಆಮೇಲೆ ತಟ್ಟಿ ಓದಬೇಕು. ಎರಡರ ಅಂತರ ಹೆಚ್ಚಿದ್ದರೆ ಒಳಗೆ ಎಲ್ಲೋ ಹಿಡಿಯುತ್ತಿದೆ ಎಂದರ್ಥ. ನಮ್ಮಲ್ಲೋ, ಎಲ್ಲರೂ ಮೊದಲೇ ತಟ್ಟಿಬಿಡುತ್ತಿದ್ದರು. ಒಂದು ದಿನ ಒಂದು ಮುಳ್ಳು ಹೀಗೇ ಹಿಡಿದುಕೊಂಡಿತು. ನಾನು ಅದಕ್ಕೆ ತಿರಸ್ಕಾರದ ಕೆಂಪು ಚೀಟಿ ಕಟ್ಟಿದೆ.

ಮಾಲೀಕರು ಬಂದು ತಟ್ಟಿದರು. ಮುಳ್ಳು ಹಾರಿ ಸರಿಯಾಗಿ ನಿಂತಿತು.

"ನೋಡಮ್ಮಾ, ಸರಿ ಹೋಯ್ತಲ್ಲ. ಚೀಟಿ ಬಿಚ್ಚು, ಪಾರ್ಟಿ ಕಾಯ್ತಿದಾರೆ."

"ವಿಮಾನ ಇಳೀತಿರುತ್ತೆ, ಮುಳ್ಳು ಮೇಲೇ ಕೂತಿರುತ್ತೆ. ಆಗ ನೀವೇ ಪಕ್ಕದಲ್ಲಿ ಕೂತು ತಟ್ತೀರಾ ಸಾರ್?"

"ತಪ್ಪಾಯ್ತು ಅಂತ ಹೇಳಿ ಚೀಟಿ ಬಿಚ್ಚು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ನನ್ನ ಸಂಬಳದ ಮೇಲೇ ಮನೆ ನಿಂತಿತ್ತು. ಆದರೂ ಬುತ್ತಿ ಡಬ್ಬಿ ಎತ್ತಿಕೊಂಡು ಹೊರಟೆ. ಪಕ್ಕದ ಮೇಜಿನ ಶಮೀಮ್ ಆ ವಾರವೇ ಅಟ್ಟೂರಿನ ನಮ್ಮ ಮನೆಗೆ ಬಂದಳು. "ಅಕ್ಕಾ, ಆ ಚೀಟಿ ಬಿಚ್ಚು ಅಂತ ನಂಗೂ ಹೇಳಿದ್ರು. ನಾನೂ ಬಿಚ್ಲಿಲ್ಲ. ಕೊನೆಗೆ ಮೀಟರನ್ನೇ ಬಿಚ್ಚಿಸಿದ್ರು. ಗಾಲಿಯ ಹಲ್ಲು ಸವೆದಿತ್ತು." ಇಬ್ಬರೂ ಕೂತು ಅತ್ತೆವು, ನಕ್ಕೆವು. ಕೆಲಸವೇನೂ ವಾಪಸ್ ಬರಲಿಲ್ಲ. ಮುಂದೆ ಎಷ್ಟೋ ಕಾಲ ಮನೆಯವರಿಂದ 'ನಿನ್ನ ಹಟ' ಎಂಬ ಮಾತು ಕೇಳಿ ಕೇಳಿ, ಹೌದೇನೋ ಎಂದು ನನಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು.

ನಿನ್ನೆ ಹೆಬ್ಬಾಳದ ಒಂದು ಮದುವೆಯಲ್ಲಿ ಅದೇ ಮಾಲೀಕರು ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಸಿಕ್ಕರು. ತಲೆಯೆಲ್ಲ ನರೆತಿತ್ತು.

"ಆವತ್ತು ಒಂದೇ ಒಂದು ಸಲ ತಪ್ಪಾಯ್ತು ಅಂದಿದ್ರೆ ಮುಗೀತಿತ್ತಲ್ಲಮ್ಮಾ" ಎಂದರು.

"ತಪ್ಪಾಗಿದ್ದಿದ್ರೆ ಅಂತಿದ್ದೆ ಸಾರ್" ಎಂದೆ. ಹೋಳಿಗೆ ಮುರಿದು ಬಾಯಿಗಿಟ್ಟೆ.