ತಾಮ್ರದ ಪದರಕ್ಕೆ ಹುಣಸೆಹಣ್ಣು

ಗೆಳೆಯರೇ, ಇವತ್ತು ಜಮಖಂಡಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನನ್ನ ಪದರ ಕಳೆದುಹೋಯಿತು. ನಗಬೇಡಿ, ನಮ್ಮ ಕಡೆ ಪದರ ಅನ್ನುವ ಸೀರೆಯ ಸೆರಗಲ್ಲ. ಸ್ಟೀಲ್ ತಗಡನ್ನು ದ್ರಾವಣದಲ್ಲಿ ಇಳಿಬಿಟ್ಟು, ಕರೆಂಟ್ ಹರಿಸಿ, ಅದರ ಮೇಲೆ ಬೆಳೆಸಿದ ತಾಮ್ರ ಬೆರೆತ ಪಾಲಿಮರ್ ಪದರ. ಲ್ಯಾಬ್ ಭಾಷೆಯಲ್ಲಿ ಫಿಲ್ಮ್. ಎಂಟು ಸಲ ಕೆಟ್ಟು ಒಂಬತ್ತನೆಯ ಸಲ ಸರಿಯಾಗಿ ಕೂತಿತ್ತು. ಮಧ್ಯಾಹ್ನ ನನ್ನ ಸಂಶೋಧನೆಯ ಗೈಡ್‌ಗೆ ತೋರಿಸಬೇಕಿತ್ತು.

ಊಟ ಮುಗಿಸಿ ಬಂದರೆ ತಗಡು ಫಳಫಳ!

“ಶಾಂತಕ್ಕಾ, ನನ್ನ ಪದರ ಎಲ್ಲಿ?”

ಲ್ಯಾಬ್ ಸ್ವಚ್ಛ ಮಾಡುವ ಬನಹಟ್ಟಿಯ ಶಾಂತಕ್ಕ ತಮ್ಮ ಸೆರಗನ್ನೇ ನೋಡಿಕೊಂಡರು. “ನಿಮಗ್ಯಾಕ್ರಿ ಸರ ಪದರ?”

“ತಗಡಿನ ಮ್ಯಾಲ ಕರ್ರಗ ಇತ್ತಲ್ರೀ!”

“ಅದಾ? ಅದರಾಗ ತಾಮ್ರ ಐತಿ ಅಂತ ನೀವ ಹೇಳಿದ್ರಿ. ತಾಮ್ರ ಅಂದಮ್ಯಾಲ ಹುಣಸಿಹಣ್ಣು ಹಚ್ಚಿ ತಿಕ್ಕಬೇಕಲ್ರೀ? ಕಿಲುಬು ಭಾಳ ಇತ್ತು ನೋಡ್ರಿ.”

ಅಷ್ಟರಲ್ಲೇ ಗೈಡ್ ಬಂದರು.

“ಎಲ್ಲೈತ್ರಿ ಫಿಲ್ಮ್?”

“ಗಟಾರದಾಗ ರಿಲೀಸ್ ಆತ್ರಿ ಸರ್.”

ಮೊದಲ ಪ್ರದರ್ಶನ ನೋಡಿದವರು ಶಾಂತಕ್ಕ ಒಬ್ಬರೇ. ಚಿತ್ರ ಬಹಳ ಕೊಳಕಾಗಿತ್ತು ಎಂಬುದು ಅವರ ವಿಮರ್ಶೆ.